ಪುಣೆಯ ಎರಡು ದನಿಗಳು

ಹೊಟ್ಟೆಪಾಡಿಗಾಗಿ ಪುಣೆಗೆ ಬಂದ ನಾವು ಈ ಊರನ್ನು ಬಲ್ಲುದು ಬಹುಮಟ್ಟಿಗೆ ಕಚೇರಿಯ ದಾರಿಯಿಂದ, ಮಂಡಯಿಯ ಕಾಯಿಪಲ್ಲೆಯಿಂದ. ಊರಿನಿಂದ ನೆಂಟರು ಬಂದರೆ ಶನಿವಾರವಾಡೆ, ಪರ್ವತಿ, ದಗಡೂಶೇಠ ಗಣಪತಿ ತೋರಿಸಿಬಿಟ್ಟರೆ ನಮ್ಮ ಕರ್ತವ್ಯ ಮುಗಿಯಿತು. ಆ ಗಣಪತಿಯ ಎದುರಿಗೇ ಇದ್ದ ಭಿಡೇವಾಡೆಯ ಮಾತನ್ನು ಎತ್ತುವವರು ಕಡಿಮೆ.

ಅಲ್ಲಿ 1848ರಲ್ಲಿ ಜೋತಿರಾವ ಫುಲೆ, ಸಾವಿತ್ರಿಬಾಯಿ ದಂಪತಿಗಳು ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯವರ ಮೇಲೆ ಜನ ಕೆಸರು, ಸಗಣಿ ಎರಚಿದರು. ಆ ತಾಯಿ ಶಾಲೆ ಬಿಡಲಿಲ್ಲ. 1868ರಲ್ಲಿ ಫುಲೆಯವರು ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರೆನಿಸಿಕೊಂಡವರಿಗೆ ತೆರೆದಿಟ್ಟರು. 1873ರಲ್ಲಿ ಸತ್ಯಶೋಧಕ ಸಮಾಜ ಕಟ್ಟಿದರು. ಇದು ಪುಣೆಯ ಒಂದು ದನಿ.

ಇನ್ನೊಂದು ದನಿ ರಾಜಕಾರಣದ್ದು. 1870ರಲ್ಲಿ ಸಾರ್ವಜನಿಕ ಸಭೆ, 1881ರಲ್ಲಿ 'ಕೇಸರಿ' ಪತ್ರಿಕೆ. 1897ರ ಪ್ಲೇಗಿನಲ್ಲಿ ಸೈನಿಕರು ಅಡಿಗೆಮನೆ, ದೇವರಮನೆಗಳಿಗೂ ನುಗ್ಗಿದಾಗ ಊರು ಕುದಿಯಿತು. ಪ್ಲೇಗಿನ ಅಧಿಕಾರಿ ರ್‍ಯಾಂಡ್ ಚಾಪೇಕರ ಸಹೋದರರ ಗುಂಡಿಗೆ ಬಲಿಯಾದ. 'ಕೇಸರಿ'ಯ ಬರಹಗಳಿಗಾಗಿ ಟಿಳಕರಿಗೆ 18 ತಿಂಗಳ ಸೆರೆಮನೆಯಾಯಿತು. 1908ರಲ್ಲಿ ಮತ್ತೆ 6 ವರ್ಷದ ಶಿಕ್ಷೆಯಾಗಿ ಮಂಡಾಲೆಗೆ ಹೋದರು.

ಈ ಎರಡು ದನಿಗಳು ಯಾವಾಗಲೂ ಕೂಡಿ ಹಾಡಿದವೆಂದರೆ ಸುಳ್ಳಾದೀತು. 1895ರಲ್ಲಿ ಕಾಂಗ್ರೆಸ್ ಅಧಿವೇಶನ ಇಲ್ಲಿಯೇ ನೆರೆದಾಗ, ರಾನಡೆಯವರ ಸಾಮಾಜಿಕ ಪರಿಷತ್ತಿಗೆ ಅದೇ ಚಪ್ಪರದಲ್ಲಿ ಜಾಗ ಕೊಡಬಾರದೆಂದು ಟಿಳಕರ ಪಕ್ಷ ಹಟ ಹಿಡಿಯಿತು. ಜಗಳ ಬೇಡವೆಂದು ರಾನಡೆಯವರು ಪರಿಷತ್ತನ್ನು ಬೇರೆಡೆ ನಡೆಸಿದರು. ಮೊದಲು ಸ್ವರಾಜ್ಯವೋ ಸುಧಾರಣೆಯೋ ಎಂಬ ವಾದ ಹೀಗೆ ಬೆಳೆಯಿತು. ಕಾಯುವವರ ಪಾಡೇನು? 1929ರ ಅಕ್ಟೋಬರದಲ್ಲಿ ದಲಿತರು ಪರ್ವತಿಯ ದೇವಾಲಯ ಪ್ರವೇಶಕ್ಕಾಗಿ ಸತ್ಯಾಗ್ರಹ ಹೂಡಿದಾಗ ಅವರ ಮೇಲೆ ಕಲ್ಲು ಬಿದ್ದವು. 1932ರಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿ ಉಪವಾಸ ಕುಳಿತರು. ಸೆಪ್ಟೆಂಬರ್ 24ರ ಒಪ್ಪಂದದಿಂದ ದಲಿತರಿಗೆ ಪ್ರಾಂತ ಶಾಸನಸಭೆಗಳಲ್ಲಿ 71ರ ಬದಲು 148 ಸ್ಥಾನಗಳಾದವು. ಆದರೆ ಅಂಬೇಡಕರರು ಪ್ರತ್ಯೇಕ ಮತಕ್ಷೇತ್ರದ ಹಕ್ಕನ್ನು ಬಿಟ್ಟುಕೊಡಬೇಕಾಯಿತು.

ನಮಗೂ ಈ ಊರಿಗೂ ಹಳೆಯ ನಂಟು. ಆಲೂರ ವೆಂಕಟರಾಯರು, ಬೇಂದ್ರೆಯವರು ಓದಿದ್ದು ಇಲ್ಲಿಯ ಫರ್ಗ್ಯುಸನ್ ಕಾಲೇಜಿನಲ್ಲಿ. ಟಿಳಕರ 'ಗೀತಾರಹಸ್ಯ'ವನ್ನು ಕನ್ನಡಿಸಿದವರೂ ಆಲೂರರೇ. ಟಿಳಕರು ಹಬ್ಬಿಸಿದ ಸಾರ್ವಜನಿಕ ಗಣೇಶೋತ್ಸವವನ್ನು ನಾವು ಸಂತೋಷದಿಂದ ಒಪ್ಪಿಕೊಂಡೆವು, ಅದು ಸುಲಭವಾಗಿತ್ತು. ಫುಲೆಯವರ ನೀರಿನ ತೊಟ್ಟಿಯನ್ನು ಒಪ್ಪಿಕೊಂಡೆವೇ? ಮುಸುರೆ ತಿಕ್ಕಲು ಬರುವ ಹೆಣ್ಣುಮಗಳ ಚಹಕ್ಕೆ ಬೇರೆಯೇ ಒಂದು ಕಪ್ಪುಬಸಿ ಕಟ್ಟೆಯ ಮೂಲೆಯಲ್ಲಿಟ್ಟ ಮನೆಗಳು ನಮ್ಮಲ್ಲಿ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲೆವೇ?

ಭಿಡೇವಾಡೆಯ ಹಳೆಯ ಕಟ್ಟಡವನ್ನು ಸ್ಮಾರಕಕ್ಕೆಂದು 2023ರಲ್ಲಿ ಕೆಡವಿದರು. ಇನ್ನೊಮ್ಮೆ ನೆಂಟರು ಬಂದಾಗ ಗಣಪತಿಗೆ ಕೈಮುಗಿದು, ಎದುರಿನ ಆ ಜಾಗವನ್ನೂ ಮಕ್ಕಳಿಗೆ ತೋರಿಸೋಣ. ಆದರೆ ಹೊರಡುವ ಮುಂಚೆ ಅಡಿಗೆಮನೆಯ ಆ ಕಪ್ಪುಬಸಿಯನ್ನು ಉಳಿದವುಗಳ ಸಾಲಿನಲ್ಲಿಟ್ಟು ಹೋಗೋಣ.