ಸೋರುವ ಕಾಲುವೆಯ ವಸಂತ

ಹೋಳಿ ಹುಣ್ಣಿಮೆಯಿಂದ ಯುಗಾದಿವರೆಗಿನ ದಿನಗಳಲ್ಲಿ ಅರ್ಧ ಪುಣೆ ಬೆಳಗಾಗುತ್ತಲೇ ವೇತಾಳ ಟೇಕಡಿಯ ಮೇಲಿರುತ್ತದೆ. ಅಲ್ಲಿ ಅರಣ್ಯ ಇಲಾಖೆ ನೆಟ್ಟ ಗ್ಲಿರಿಸಿಡಿಯಾ ನಸುಗೆಂಪಾಗಿ ಅರಳಿ ಫೋಟೊಗಳಿಗೆ ಒದಗುತ್ತದೆ. ನನ್ನನ್ನು ಕೇಳಿದರೆ, ಊರಿನ ಇನ್ನೊಂದು ತುದಿಗೆ ಹೋಗಿ ಎನ್ನುತ್ತೇನೆ. ಹಡಪ್ಸರದಲ್ಲಿ ಮುಠಾ ಬಲದಂಡೆ ಕಾಲುವೆಯ ಏರಿ ಹತ್ತಿ ಫುರಸುಂಗಿ, ಲೋಣಿ ಕಾಳಭೋರ್ ಕಡೆಗೆ ನಡೆಯಿರಿ. ಮೊದಲ ಒಂದಷ್ಟು ದೂರ ಕಸ, ಪ್ಲಾಸ್ಟಿಕ್, ಹಂದಿ. ಸಹಿಸಿಕೊಳ್ಳಬೇಕು.

ನೀರು ಖಡಕವಾಸಲಾದ್ದು. ದಂಡಿಗೆ ಕುಡಿಯಲು, ಪೂರ್ವದ ಬರದ ಸೀಮೆಗೆ ಬೆಳೆಯಲು ಎಂದು ಬ್ರಿಟಿಷರು ಕಟ್ಟಿಸಿದ ಆ ಅಣೆಕಟ್ಟು ಮುಗಿದದ್ದು 1879ರ ಹೊತ್ತಿಗೆ. ಪುಣೆಯಲ್ಲೇ ಓದಿ 1883ರಲ್ಲಿ ಎಂಜಿನಿಯರಾದ ವಿಶ್ವೇಶ್ವರಯ್ಯ, ಕೋಡಿ ಬಿದ್ದು ವ್ಯರ್ಥವಾಗುತ್ತಿದ್ದ ನೀರನ್ನು ಹಿಡಿಯಲು 1903ರಲ್ಲಿ ಅಲ್ಲಿ ಸ್ವಯಂಚಾಲಿತ ಬಾಗಿಲು ಕೂರಿಸಿದರು. ಪ್ರವಾಹ ಮಿತಿ ಮೀರಿದರೆ ಅವು ತಾವೇ ತೆರೆದುಕೊಳ್ಳುವುವು, ಇಳಿದರೆ ತಾವೇ ಮುಚ್ಚಿಕೊಳ್ಳುವುವು. ಮುಂದೆ ಕನ್ನಂಬಾಡಿಗೂ ಅದೇ ಬಗೆಯ ಬಾಗಿಲು ಬಂತು. ಕಾಲುವೆಯ ನೀರು ಕೆಲವರ ಕಬ್ಬಿಗಷ್ಟೇ ಹೋಗದೆ ಹಲವು ಊರಿಗೆ ಸರದಿಯಲ್ಲಿ ಸಿಗಲೆಂದು ದಖ್ಖನಿನಲ್ಲಿ ಬ್ಲಾಕ್ ಪದ್ಧತಿ ತಂದವರೂ ಅವರೇ.

ಹನಿ ಹನಿಗೂ ಲೆಕ್ಕವಿಟ್ಟ ಆ ಮನುಷ್ಯ ಇಂದು ಈ ಏರಿಯ ಮೇಲೆ ನಡೆದಿದ್ದರೆ ಹುಬ್ಬು ಗಂಟಿಕ್ಕುತ್ತಿದ್ದರೇನೊ. ಇಲ್ಲಿನ ಹಸಿರೆಲ್ಲ ಸೋರಿಕೆಯ ಕೃಪೆ. ಏರಿಯ ಹೊರಮಗ್ಗುಲು ಬೇಸಗೆಯಲ್ಲೂ ಜಿನುಗುತ್ತದೆ. ಅಲ್ಲಿ ಜೊಂಡು, ಕೆಸು, ಅತ್ತಿ, ಈಗಷ್ಟೇ ಚಿಗುರಿ ಮಿರುಗುವ ಹೊಂಗೆ. ಬೂರುಗದ ಹೂ ತೊಟ್ಟು ಕಳಚಿದರೆ ದೊಪ್ಪೆಂದು ಸದ್ದಾಗುವಷ್ಟು ಭಾರ. ಆಡುಗಳು ಆ ಸದ್ದಿಗೇ ಕಾದಿರುತ್ತವೆ.

ಕೆಳಗೆ ಹಿಂಗಾರಿ ಜೋಳ ಕೊಯ್ದಾಗಿದೆ, ಕಣಿಕೆ ಬಣವೆ ಸೇರಿದೆ. ಕಬ್ಬು ಕಡಿದು ರವದಿ ಸುಟ್ಟ ಕಪ್ಪು ನೆಲದಲ್ಲಿ ಕೂಳೆ ಚಿಗುರುತ್ತಿದೆ. ಕಾಲುವೆಗೆ ನೀರು ಬಿಡುವ ಸರದಿಗೆ ಇಲ್ಲಿ ಆವರ್ತನ ಎನ್ನುತ್ತಾರೆ. ಆವರ್ತನ ಬಂದ ದಿನ ಸಲಿಕೆ ಹಿಡಿದವರು ಒಂದೊಂದೇ ಮಡಿಯ ಬಾಯಿ ಬಿಡಿಸುತ್ತಾರೆ. ಬಿರುಕಿನಿಂದ ಹುಳು ಹೊರಬರುವ ಮೊದಲೇ ಬೆಳ್ಳಕ್ಕಿಗಳು ಹಾಜರು.

ನೀರು ತಾಗದ ಕಾಡನ್ನೂ ನೋಡಬೇಕೆನ್ನುವವರು ಲೋಣಿಯಿಂದ ರಾಮದರಾ ದೇಗುಲದ ಕಡೆಗೆ ತಿರುಗಬಹುದು. ಕಲ್ಲುಗುಡ್ಡ, ಒಣಹುಲ್ಲು, ಎಲೆ ಉದುರಿಸಿ ನಿಂತ ಮರಗಳು. ಮುತ್ತುಗ ಸಿಕ್ಕರೆ ಹತ್ತಿರ ಹೋಗಿ ನೋಡಿ. ಮೊಗ್ಗಿನ ತೊಟ್ಟಿಲು ಕಂದುಗಪ್ಪು ಮಖಮಲ್ಲು, ಅದರಿಂದ ಗಿಣಿಕೊಕ್ಕಿನಂತೆ ಬಾಗಿ ಹೊರಟ ಕೇಸರಿ ದಳ. ಸೂರಕ್ಕಿ ಮಕರಂದಕ್ಕೆ ತಲೆ ತೂರಿಸಿ ಪರಾಗ ಮೆತ್ತಿಕೊಂಡು ಮುಂದಿನ ಹೂವಿಗೆ ಹೋಗುತ್ತದೆ.

ಮತ್ತೆ ಕಾಲುವೆಗೆ ಬರೋಣ. 2018ರ ಸೆಪ್ಟೆಂಬರಿನಲ್ಲಿ ಪುಣೆಯೊಳಗೆ, ದಾಂಡೇಕರ್ ಸೇತುವೆಯ ಬಳಿ, ಈ ಕಾಲುವೆ ಒಡೆದು ಗುಡಿಸಲುಗಳಿಗೆ ನುಗ್ಗಿತು. ಮಂತ್ರಿಗಳು ಇಲಿ, ಏಡಿಗಳು ಕೊರೆದ ಬಿಲಗಳತ್ತ ಬೆರಳು ತೋರಿಸಿದರು! ಈಗ ಖಡಕವಾಸಲಾದಿಂದ ಫುರಸುಂಗಿವರೆಗೆ ನೀರನ್ನು ಸುಮಾರು 28 ಕಿಲೋಮೀಟರ್ ಸುರಂಗದೊಳಗೆ ಒಯ್ಯುವ ಯೋಜನೆಯಿದೆ. ಸೋರಿಕೆ, ಆವಿ, ಕಳವು ಮೂರೂ ತಪ್ಪುತ್ತವೆ ಎಂಬ ವಾದವನ್ನು ತಳ್ಳಿಹಾಕಲಾಗದು. ನೀರಿಗಾಗಿ ಊರೂ ಹೊಲವೂ ಪ್ರತಿ ಬೇಸಗೆ ಜಗಳವಾಡುವ ಜಿಲ್ಲೆಯಿದು. ಆದರೆ ಆ ಸೋರಿಕೆ ಕುಡಿದು ಬೆಳೆದ ಅತ್ತಿ, ಹೊಂಗೆಗಳು ಯಾವ ಲೆಕ್ಕದಲ್ಲೂ ಇಲ್ಲ. ಸುರಂಗ ಬಂದ ಮೇಲೂ ಫುರಸುಂಗಿಯಾಚೆ ನೀರು ಬಯಲಲ್ಲೇ ಹರಿಯಬೇಕು. ಆಗ ನಡಿಗೆಯನ್ನು ಅಲ್ಲಿಂದಲೇ ಶುರುಮಾಡಬೇಕಾದೀತು.