ಕಿಲ್ಲೆಯ ಮಾವಳೆಗಳಿಗೆ ಮರುಬಣ್ಣ ಬೇಕೆ?

ದೀಪಾವಳಿ ಹತ್ತಿರ ಬಂತೆಂದರೆ ಸೊಲ್ಲಾಪುರದ ಓಣಿಗಳಲ್ಲಿ ಹುಡುಗರ ಮೈಕೈಯೆಲ್ಲ ಕೆಸರು. ಮನೆಯ ಕಟ್ಟೆಗೆ ತಾಗಿಸಿ ಕಲ್ಲು, ಇಟ್ಟಿಗೆ ಚೂರು ಒಟ್ಟುತ್ತಾರೆ. ಮೇಲೆ ಗೋಣಿಚೀಲ ಹೊದಿಸಿ, ರಾಡಿ ಮೆತ್ತಿ, ಇಳಿಜಾರಿಗೆ ಸಾಸಿವೆ ಚೆಲ್ಲಿ ನೀರು ಚಿಮುಕಿಸುತ್ತಾರೆ. ಕೆಲವೇ ದಿನಗಳಲ್ಲಿ ಗುಡ್ಡ ಹಸಿರಾಗುತ್ತದೆ, ಕಿಲ್ಲೆ ಎದ್ದು ನಿಲ್ಲುತ್ತದೆ. ಮಹಾರಾಷ್ಟ್ರದ ಉದ್ದಗಲಕ್ಕೂ ಇರುವ ಈ ಪದ್ಧತಿಗೆ ಗಡಿಭಾಗದ ಕನ್ನಡ ಮನೆಗಳೂ ಹೊರತಲ್ಲ.

ಕಿಲ್ಲೆ ಕಟ್ಟಿದ ಮೇಲೆ ಗೊಂಬೆಗಳ ಸರದಿ. ನೆತ್ತಿಯ ಮೇಲೆ ಸಿಂಹಾಸನದಲ್ಲಿ ಶಿವಾಜಿ ಮಹಾರಾಜರು. ಬಾಗಿಲಿಗೆ ಭರ್ಚಿ ಹಿಡಿದ ಕಾವಲುಗಾರ, ಬುರುಜಿನಲ್ಲಿ ತುತಾರಿ ಊದುವವನು, ಮೆಟ್ಟಿಲ ಮೇಲೆ ಕತ್ತಿ ಗುರಾಣಿಯ ಮಾವಳೆಗಳು. ಪುಣೆಯ ಪಶ್ಚಿಮದ ಮಾವಳ ಕಣಿವೆಗಳಿಂದ ಬಂದು ಶಿವಾಜಿಯ ಕಾಲಾಳುಗಳಾದವರೇ ಈ ಮಾವಳೆಗಳು. ಹಬ್ಬಕ್ಕೆ ಮುಂಚೆ ಪೇಟೆಯಲ್ಲಿ ಇವರು ಸಾಲುಸಾಲಾಗಿ ಮಾರಾಟಕ್ಕೆ ನಿಂತಿರುತ್ತಾರೆ.

ನಮ್ಮ ಮಣ್ಣೆತ್ತಿನ ಅಮಾವಾಸ್ಯೆಯ ಎತ್ತುಗಳು ಪೂಜೆ ಮುಗಿದ ಮೇಲೆ ನೀರು ಸೇರುತ್ತವೆ. ಮಾವಳೆಗಳು ಹಾಗಲ್ಲ. ಹಬ್ಬ ಮುಗಿದು ಕಿಲ್ಲೆ ಕರಗಿದರೂ ಗೊಂಬೆಗಳನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಸೇರಿಸುತ್ತಾರೆ. ಮುಂದಿನ ವರ್ಷ ಅದಕ್ಕೆ ಎರಡು ಹೊಸವು ಕೂಡುತ್ತವೆ. ಅಣ್ಣನದು ತಮ್ಮನಿಗೆ, ಅಪ್ಪನದು ಮಗನಿಗೆ ಬರುತ್ತದೆ. ಸಂಗ್ರಹ ಎಂಬ ಹೆಸರಿಲ್ಲದೆಯೇ ಎಷ್ಟೋ ಮನೆಗಳಲ್ಲಿ ಹೀಗೆ ಒಂದು ಸಂಗ್ರಹ ಬೆಳೆದಿದೆ. ಈಗ ಹಳೆಯ ಆಟಿಕೆ ಕೂಡಿಸುವ ಹವ್ಯಾಸಿಗಳ ಕಣ್ಣಿಗೆ ಇಂಥವು ಬಿದ್ದರೆ ಮೊದಲು ಏಳುವ ಪ್ರಶ್ನೆ ಬಣ್ಣದ್ದೇ: ಮೂಲ ಬಣ್ಣವೋ, ಮೇಲೆ ಬಳಿದದ್ದೋ?

ಗೊಂಬೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಅಚ್ಚಿನ ಎರಡು ಹೋಳು ಕೂಡಿದ ಗೆರೆ ಪಕ್ಕೆಗುಂಟ ಇಳಿದಿರುತ್ತದೆ. ಮೂಗು ಅಥವಾ ಕತ್ತಿಯ ತುದಿ ಚಕ್ಕೆ ಎದ್ದಿದ್ದರೆ ಒಳಗಿನದು ಕಾಣುತ್ತದೆ. ಕೆಂಪಾಗಿದ್ದರೆ ಸುಟ್ಟ ಮಣ್ಣು, ಬೆಳ್ಳಗೆ ಪುಡಿಪುಡಿಯಾಗಿದ್ದರೆ ಪ್ಲಾಸ್ಟರ್ ಆಫ್ ಪ್ಯಾರಿಸ್. ಮರುಬಣ್ಣದ ಗುಟ್ಟು ಬಯಲಾಗುವುದು ಸಂದಿಗಳಲ್ಲಿ. ಕಂಕುಳು, ಪಗಡಿಯ ಮಡಿಕೆ, ಪೀಠದ ತಳ ಇಲ್ಲೆಲ್ಲ ಹಳೆಯ ಧೂಳಿನ ಮೇಲೆಯೇ ಹೊಸ ಬಣ್ಣ ಕೂತಿರುತ್ತದೆ. ಚಕ್ಕೆ ಎದ್ದ ಗುಳಿಯೊಳಗೂ ಬಣ್ಣ ಇಳಿದಿದ್ದರೆ ಅನುಮಾನವೇ ಬೇಡ, ಅದು ಮುರಿದ ಮೇಲೆ ಬಳಿದದ್ದು.

ಬಣ್ಣದ ಈ ಜಗಳ ಲೋಕದ ತುಂಬ ಇದೆ. ಅಮೆರಿಕದ ಹ್ಯಾಸ್ಬ್ರೋ ಕಂಪನಿ 1964ರಲ್ಲಿ ಜಿ.ಐ. ಜೋ ಎಂಬ ಸೈನಿಕನನ್ನು ಮಾರುಕಟ್ಟೆಗೆ ಬಿಟ್ಟಿತು. ಗಂಡುಹುಡುಗರು ಗೊಂಬೆ ಎಂದರೆ ಮುಟ್ಟಲಾರರೆಂದು ಅದನ್ನು ಆಕ್ಷನ್ ಫಿಗರ್ ಎಂದು ಕರೆಯಿತು. ಮ್ಯಾಟೆಲ್ ಕಂಪನಿಯದು ಇನ್ನೂ ಚಮತ್ಕಾರ. ತನ್ನ ನಾಯಕ ಗೊಂಬೆ ಹೀ-ಮ್ಯಾನ್‌ನ ಅದೇ ಅಚ್ಚಿಗೆ ನೀಲಿ ಮೈ, ಕಿತ್ತಳೆ ಕೂದಲು ಕೊಟ್ಟು ಫೇಕರ್ ಎಂಬ ಹೊಸ ಖಳನನ್ನು ಸೃಷ್ಟಿಸಿತು. ಹೊಸ ಅಚ್ಚಿನ ಖರ್ಚಿಲ್ಲದೆ ಹುಟ್ಟಿದ ಆ ಗೊಂಬೆಗಾಗಿ ಇವತ್ತು ಸಂಗ್ರಾಹಕರು ಮುಗಿಬೀಳುತ್ತಾರೆ. ನಮ್ಮಲ್ಲಿ ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೋ ಸೇರಿ 1987ರಲ್ಲಿ ಕಟ್ಟಿದ ಫನ್‌ಸ್ಕೂಲ್ ಜಿ.ಐ. ಜೋ ಗೊಂಬೆಗಳನ್ನು ಇಲ್ಲಿಯೇ ತಯಾರಿಸಿತು. ಅಚ್ಚು ಅಲ್ಲಿಯದು, ಎಷ್ಟೋ ಬಣ್ಣ ಇಲ್ಲಿಯದು. ಅಲ್ಲಿ ಎಂದೂ ಕಾಣದ ಬಣ್ಣಗಳೆಂಬ ಕಾರಣಕ್ಕೇ ಹೊರದೇಶದವರು ಈ ಭಾರತೀಯ ಗೊಂಬೆಗಳನ್ನು ಹುಡುಕುತ್ತಾರೆ.

ಈ ಅಬ್ಬರಕ್ಕೆ ಅರ್ಥ ಇದೆಯೇ? ಕಾರ್ಖಾನೆಯಲ್ಲಿ, ಆ ಕಾಲದಲ್ಲಿ, ಮಕ್ಕಳ ಆಟಕ್ಕೆಂದು ಬಳಿದ ಬೇರೆ ಬಣ್ಣಕ್ಕೆ ಬೆಲೆ ಕೊಡುವುದು ಸರಿ. ಅದು ಆ ಊರಿನ, ಆ ಕೈಗಳ ಗುರುತು. ಆದರೆ ಸಂಗ್ರಾಹಕರ ಜೇಬು ನೋಡಿಕೊಂಡೇ ಹಳೆಯ ಅಚ್ಚಿಗೆ ವರ್ಷಕ್ಕೊಂದು ಬಣ್ಣ ಹಚ್ಚಿ, 'ಸೀಮಿತ ಆವೃತ್ತಿ' ಎಂದು ಚೀಟಿ ಅಂಟಿಸಿ ಮಾರುವುದಕ್ಕೆ ಅಷ್ಟು ಕುಣಿದಾಡಬೇಕಿಲ್ಲ. ಮಾವಳೆಗಳಿಗೂ ಇದೇ ಮಾತು. ಒಂದೇ ಅಚ್ಚಿನ ಕಾವಲುಗಾರ ಒಬ್ಬರ ಕೈಯಲ್ಲಿ ಕೇಸರಿ ಪಗಡಿ, ಇನ್ನೊಬ್ಬರ ಕೈಯಲ್ಲಿ ಹಸಿರು ಪಗಡಿ ಕಟ್ಟುತ್ತಾನೆ. ಎರಡೂ ಅಸಲಿಯೇ. ಹುಡುಗನೊಬ್ಬ ಶಾಲೆಯ ಜಲವರ್ಣದಲ್ಲಿ ಮೀಸೆ ತೀಡಿದ ಮಾವಳೆಯೂ ನನ್ನ ಲೆಕ್ಕದಲ್ಲಿ ಅಸಲಿ, ಏಕೆಂದರೆ ಅದು ಆಟದಲ್ಲಿಯೇ ಬಿದ್ದ ಬಣ್ಣ. ಮಾರುವ ಮುನ್ನಾದಿನ ಎನಾಮೆಲ್ ಡಬ್ಬಿಯಲ್ಲಿ ಅದ್ದಿ ತೆಗೆದದ್ದು ಮಾತ್ರ ಮೋಸ.

ದಪ್ಪ ಎನಾಮೆಲ್ ಏನನ್ನು ನುಂಗುತ್ತದೆಂದು ತಿಳಿಯಬೇಕಾದರೆ ಅಕ್ಕಲಕೋಟೆಗೆ ಹೋಗಬೇಕು. ಸೊಲ್ಲಾಪುರದಿಂದ ಸುಮಾರು 40 ಕಿಲೋಮೀಟರ್. ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಜನಸಾಗರದಲ್ಲಿ ಅಲ್ಲಿಯ ಅರಮನೆಯ ಶಸ್ತ್ರಾಗಾರಕ್ಕೆ ಹೊರಳುವವರು ಕಡಿಮೆ. ಶಿವಾಜಿಯ ಮೊಮ್ಮಗ ಶಾಹು ಮಹಾರಾಜರು ಮಗನಂತೆ ಸಾಕಿಕೊಂಡ ಫತೇಸಿಂಹ ಭೋಸಲೆಯಿಂದ ಬೆಳೆದ ಸಂಸ್ಥಾನ ಅದು. ಕತ್ತಿ, ಗುರಾಣಿ, ಬಂದೂಕುಗಳನ್ನು ಅಲ್ಲಿ ಕಣ್ಣಾರೆ ನೋಡಬಹುದು. ಹಳೆಯ ಗುರಾಣಿಗಳ ಮುಖದ ಮೇಲೆ ಸಾಮಾನ್ಯವಾಗಿ ನಾಲ್ಕು ಉಬ್ಬು ಗುಬುಟುಗಳಿರುತ್ತವೆ. ಒಳಗಿನ ಹಿಡಿಕೆಯನ್ನು ಬಿಗಿದ ಕೊಂಡಿಗಳ ನೆಲೆ ಅವು. ಒಳ್ಳೆಯ ಹಳೆಯ ಮಾವಳೆಯ ಅಂಗೈಯಗಲದ ಗುರಾಣಿಯ ಮೇಲೂ ಅವೇ ನಾಲ್ಕು ಗುಬುಟುಗಳನ್ನು ಕುಶಲಿಗ ಮೂಡಿಸಿರುತ್ತಾನೆ. ಎರಡು ಕೋಟಿಂಗ್ ಬಣ್ಣ ಬಿದ್ದರೆ ಮೊದಲು ಮುಚ್ಚಿಹೋಗುವುದು ಅವೇ.

ಈ ದೀಪಾವಳಿಗೆ ಟ್ರಂಕು ತೆರೆದಾಗ ಬಣ್ಣ ಹಾರಿದ ಮಾವಳೆ ಸಿಕ್ಕರೆ ಒಣ ಕುಂಚದಿಂದ ಧೂಳು ಕೊಡವಿ, ಹಾಗೆಯೇ ನಿಲ್ಲಿಸಿ. ಮಣ್ಣಿನ ಗೊಂಬೆಗೆ ನೀರು ತಾಕಿಸಬೇಡಿ. ಪೀಠದ ತಳದಲ್ಲಿ ಪೆನ್ಸಿಲ್ಲಿನಿಂದ ಕೊಂಡ ಊರು, ಗೊತ್ತಿದ್ದರೆ ವರ್ಷ ಬರೆದಿಡಿ. ಮಕ್ಕಳು ಬಣ್ಣ ಹಚ್ಚಲೇಬೇಕೆಂದು ಹಟ ಹಿಡಿದರೆ ಕುಂಬಾರರಿಂದ ಬಣ್ಣವಿಲ್ಲದ ಹೊಸ ಮಣ್ಣಿನ ಗೊಂಬೆ ಕೇಳಿ ತಂದುಕೊಡಿ.