ನೀರು ಬಿಟ್ಟ ಶಾಂಪೂ

ಬಾಟಲಿಯ ಶಾಂಪೂವಿನಲ್ಲಿ ಹೆಚ್ಚಿನ ಪಾಲು ಬರೀ ನೀರು. ಕೂದಲಿನ ಜಿಡ್ಡು ತೆಗೆಯುವುದು ಅದರಲ್ಲಿ ಕರಗಿರುವ ಸರ್ಫ್ಯಾಕ್ಟಂಟ್. ಇದರ ಅಣುವಿನ ಒಂದು ತುದಿ ಎಣ್ಣೆಗೆ ಅಂಟಿಕೊಳ್ಳುತ್ತದೆ, ಇನ್ನೊಂದು ನೀರಿಗೆ. ಅಣುಗಳು ಗುಂಪುಗೂಡಿ ಜಿಡ್ಡಿನ ಹನಿಯನ್ನು ಸುತ್ತುವರಿದಾಗ ನೀರಿನ ತುದಿಗಳೆಲ್ಲ ಹೊರಗಡೆ ಉಳಿಯುತ್ತವೆ. ನೀರು ಹೊಯ್ದಾಗ ಜಿಡ್ಡು ಜಾರಿ ಹೋಗುತ್ತದೆ.

ಉಳಿದ ಪದಾರ್ಥಗಳಲ್ಲಿ ಹಲವನ್ನು ಸೇರಿಸುವುದು ಆ ನೀರಿನ ಕಾರಣಕ್ಕೇ. ನೀರಿದ್ದಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಅದಕ್ಕೆ ಸಂರಕ್ಷಕ ಬೇಕು. ತೆಳುವಾದ ದ್ರಾವಣ ಬೆರಳ ಸಂದಿಯಲ್ಲಿ ಸೋರಿಹೋಗುತ್ತದೆ. ಅದಕ್ಕೆ ಮಂದಗೊಳಿಸುವ ವಸ್ತು ಬೇಕು. ಹಲವು ಶಾಂಪೂಗಳಲ್ಲಿ ಈ ಕೆಲಸ ಮಾಡುವುದು ಸಾಧಾರಣ ಉಪ್ಪು. ಸೋಡಿಯಂ ಲಾರೆತ್ ಸಲ್ಫೇಟ್ ಎಂಬ ಸರ್ಫ್ಯಾಕ್ಟಂಟಿನ ದ್ರಾವಣಕ್ಕೆ ಸ್ವಲ್ಪ ಸ್ವಲ್ಪವೇ ಉಪ್ಪು ಬೆರೆಸುತ್ತ ಹೋದರೆ ಅದು ಜೇನಿನಷ್ಟು ಮಂದವಾಗುತ್ತದೆ. ಹದ ಮೀರಿದರೆ ಮತ್ತೆ ತೆಳುವಾಗುತ್ತದೆ. ಶಾಂಪೂ ಮಂದವಾಗಿದ್ದ ಮಾತ್ರಕ್ಕೆ ಕೂದಲು ಹೆಚ್ಚು ಸ್ವಚ್ಛವಾಗುವುದಿಲ್ಲ.

ನೀರನ್ನು ಬಿಟ್ಟರೆ ಪದಾರ್ಥಗಳ ಪಟ್ಟಿ ತಾನಾಗಿಯೇ ಚಿಕ್ಕದಾಗುತ್ತದೆ. ಬರ್ಲಿನ್ನಿನ ಹಾನ್ಸ್ ಶ್ವಾರ್ಟ್ಸ್‌ಕಾಫ್ 1903ರಲ್ಲಿ ಮಾರುಕಟ್ಟೆಗೆ ತಂದದ್ದು ಪುಡಿ ಶಾಂಪೂ. ಅವರ ಕಂಪನಿಯ ದ್ರವ ಶಾಂಪೂ ಬಂದದ್ದು 1927ರಲ್ಲಿ. ಇಂದಿನ ಗಟ್ಟಿ ಶಾಂಪೂ ಬಿಲ್ಲೆಗಳಲ್ಲಿ ಹೆಚ್ಚಾಗಿ ಬಳಸುವುದು ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಿಂದ ತಯಾರಾಗುವ ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್ ಎಂಬ ಸರ್ಫ್ಯಾಕ್ಟಂಟ್. ತಣ್ಣೀರಿನಲ್ಲಿ ಇದು ನಿಧಾನವಾಗಿ ಕರಗುವುದರಿಂದ ಬಿಲ್ಲೆ ಬೇಗ ಸವೆಯುವುದಿಲ್ಲ. ಕಾಗದದ ಹೊದಿಕೆ ಸಾಕು, ಪ್ಲಾಸ್ಟಿಕ್ ಬಾಟಲಿಯೇ ಬೇಡ.

ಈ ಬಿಲ್ಲೆಯನ್ನು ಸಾಬೂನು ಎಂದು ತಿಳಿಯಬಾರದು. ಸಾಬೂನಿನ ಪಿಎಚ್ ಸುಮಾರು 9ರಿಂದ 10. ಆ ಕ್ಷಾರದಲ್ಲಿ ಕೂದಲು ಉಬ್ಬಿ, ಮೇಲ್ಮೈಯ ಹುರುಪೆಗಳು ಏಳುತ್ತವೆ, ಎಳೆಗೆ ಎಳೆ ಸಿಕ್ಕಿಕೊಳ್ಳುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಲ್ಲಂತೂ ಸಾಬೂನು ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕಲ್ಮಶವಾಗಿ ಕೂತುಬಿಡುತ್ತದೆ. ಐಸೆಥಿಯೊನೇಟನ್ನು ಚರ್ಮಕ್ಕೆ ಒಗ್ಗುವ 5.5ರ ಆಸುಪಾಸಿನಲ್ಲಿಡಬಹುದು, ಗಡಸು ನೀರಿಗೂ ಅದು ಜಗ್ಗುವುದಿಲ್ಲ.

ಸೀಗೆಪುಡಿ ನೀರು ಬಿಟ್ಟ ಶಾಂಪೂವಿನ ಹಳೆಯ ರೂಪ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಇರುವ ಸಪೋನಿನ್ ಸಹಜ ಸರ್ಫ್ಯಾಕ್ಟಂಟ್. ಸೀಗೆಯ ಕಷಾಯ ಆಮ್ಲೀಯ. ಒಣ ಪುಡಿ ಕೆಡದೆ ಉಳಿಯುತ್ತದೆ, ನೀರು ಬೆರೆಸಿದ್ದನ್ನು ಮಾತ್ರ ಅಂದಂದೇ ಬಳಸಬೇಕು. ಕಣ್ಣಿಗೆ ಬಿದ್ದರೆ ಉರಿ, ತೊಳೆದರೂ ಪುಡಿ ಕೂದಲಲ್ಲಿ ಉಳಿಯುತ್ತದೆ. ಈ ಕೊರತೆಗಳೂ ನಿಜವೇ. ಕೂದಲು ನುಣುಪಾಗಲು ಸೇರಿಸುವ ದಾಸವಾಳದ ಎಲೆಯ ಲೋಳೆ, ಶಾಂಪೂಗಳಲ್ಲಿ ಅದೇ ಕೆಲಸಕ್ಕೆ ಬಳಸುವ ಸಿಲಿಕೋನಿನಷ್ಟು ಹೊತ್ತು ನಿಲ್ಲುವುದಿಲ್ಲ. ಆದರೆ ಪರಿಸರದಲ್ಲಿ ಬಹುಕಾಲ ಉಳಿಯುವ ಕಾರಣಕ್ಕೆ ಡಿ4, ಡಿ5 ಎಂಬ ಸಿಲಿಕೋನುಗಳಿಗೆ ಐರೋಪ್ಯ ಒಕ್ಕೂಟ 2020ರ ಜನವರಿ ಕೊನೆಯಿಂದ ಕಡಿವಾಣ ಹಾಕಿದೆ: ತೊಳೆದುಹೋಗುವ ಸೌಂದರ್ಯವರ್ಧಕಗಳಲ್ಲಿ ಅವು ಶೇ. 0.1ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇರುವಂತಿಲ್ಲ.

ಸಸ್ಯಮೂಲ ಎಂದಾಕ್ಷಣ ಪರಿಸರಸ್ನೇಹಿ ಎನ್ನಲಾಗದು. ತೆಂಗಿನೆಣ್ಣೆಯ ಜಾಗದಲ್ಲಿ ಬಳಸುವ ತಾಳೆಬೀಜದ ಎಣ್ಣೆಗಾಗಿ ಆಗ್ನೇಯ ಏಷ್ಯಾದಲ್ಲಿ ಕಾಡು ಕಡಿಯಲಾಗಿದೆ. ಬಿಸಿನೀರಿನಲ್ಲಿ ತಲೆ ತೊಳೆಯುವ ಕಡೆ, ಶಾಂಪೂ ತಯಾರಿಗಿಂತ ಹೆಚ್ಚು ಶಕ್ತಿ ಖರ್ಚಾಗುವುದು ಸ್ನಾನದ ಮನೆಯಲ್ಲಿ. ಆದ್ದರಿಂದ ನೊರೆ ಹದವಾಗಿದ್ದು, ಎರಡು ಚೊಂಬು ನೀರಿಗೇ ಬಿಟ್ಟುಹೋಗುವಂತೆ ಮಾಡುವುದೂ ತಯಾರಕರ ಕೆಲಸವೇ.